ನಮ್ಮ ಮನೆಯಲ್ಲಿ ಉಂಡವನು

ಅಪ್ಪಾ,

‘ಕೆಳಗ ಕುಂತು ಉಂಡವ ಕೈ ಬಿಡಂಗಿಲ್ಲ’ ಅಂದಿರೋ, ‘ಬಿಡಾಕ ಬರಂಗಿಲ್ಲ’ ಅಂದಿರೋ, ಈಗ ಸರಿಯಾಗಿ ನೆನಪಿಲ್ಲ. ಹೇಗೆ ಅಂದಿದ್ದರೂ ನೀವು ತಪ್ಪಿದಿರಿ. ಅದನ್ನು ಹೇಳದೆ ಇರಲಾರೆ.

ಹೆಂಡ್ರಿಕ್ ಮೊದಲ ಸಲ ಫ್ಲ್ಯಾಟ್ ಬುಷ್ ಬಡಾವಣೆಯ ನಮ್ಮ ಮನೆಗೆ ಬಂದಾಗ ಲೋಕಲ್ ಬೋರ್ಡಿನ ಚುನಾವಣೆಗೆ ನಿಂತಿದ್ದ. ಹಾಲೆಂಡಿನಲ್ಲಿ ಹುಟ್ಟಿ, ಹುಡುಗನಾಗಿದ್ದಾಗ ಹಡಗು ಹತ್ತಿ ಈ ದೇಶಕ್ಕೆ ಬಂದು, ಪುಕೆಕೊಹೆಯ ಹೊಲಗಳಲ್ಲಿ ಈರುಳ್ಳಿ ಬೆಳೆದವನು. ಕರಪತ್ರ ಕೊಟ್ಟು ಹೊರಟವನನ್ನು ನೀವು ಒಳಗೆ ಕರೆದಿರಿ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅವನು ಆ ಉದ್ದ ಕಾಲುಗಳನ್ನು ಹೇಗೋ ಮಡಚಿ ನೆಲದ ಮೇಲೆ ಕೂತ. ಎಣ್ಣೆಗಾಯಿಯನ್ನು ಮತ್ತೆ ಹಾಕಿಸಿಕೊಂಡ. ‘ನಾನು ಡಚ್ಚ, ಅಂಕಲ್. ಸುತ್ತಿ ಬಳಸಿ ಮಾತಾಡಲು ಬರುವುದಿಲ್ಲ. ನಿಮಗೇನು ಬೇಕು?’ ಎಂದ. ನೀವು ಕೇಳಿದ್ದು ಒಂದು ಬಸ್. ನಾವೆಲ್ಲ ಕಾರು ಹತ್ತಿ ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಉಳಿಯುವ ಮುದುಕರು, ಮುಖ್ಯರಸ್ತೆಯವರೆಗೆ ಏರು ಹತ್ತದೆ, ತಮ್ಮ ಬೀದಿಯಲ್ಲೇ ಹತ್ತುವಂಥ ಬಸ್. ‘ಆಗುತ್ತೆ’ ಎಂದ, ಬಾಯಲ್ಲಿ ತುತ್ತಿಟ್ಟುಕೊಂಡೇ. ನಿಮಗೆ ಅಷ್ಟು ಸಾಕಾಯಿತು.

ಅಂಚೆಯಲ್ಲಿ ಮತಪತ್ರ ಬಂದ ವಾರ ನೀವು ಸ್ವೆಟರ್ ಏರಿಸಿ ಕನ್ನಡದವರ ಮನೆಮನೆ ತಿರುಗಿದಿರಿ. ಅವನ ಪಕ್ಷ, ಅವನ ವಿಚಾರ ಯಾವುದೂ ನಿಮಗೆ ಬೇಕಿರಲಿಲ್ಲ. ‘ನಮ್ಮ ಮನ್ಯಾಗ ಉಂಡಾನ್ರಿ’ ಎಂಬುದೊಂದೇ ಮಾತು. ಅವನು ಸಮೋವದವರ ಚರ್ಚಿನಲ್ಲಿ, ಪಂಜಾಬಿಗಳ ಮನೆಯಲ್ಲಿ ತಟ್ಟೆ ಹಿಡಿದ ಫೋಟೋಗಳನ್ನು ನನ್ನ ಮಗಳು ಫೋನಿನಲ್ಲಿ ತೋರಿಸಿ ನಕ್ಕಳು: ‘ಅಜ್ಜಾ, ಹೀ ಈಟ್ಸ್ ಎವ್ರಿವೇರ್!’

‘ಉಣ್ಣಲಿ ಬಿಡವಾ. ಕೆಳಗ ಕುಂತದ್ದು ನಮ್ಮಲ್ಲಷ್ಟ’ ಎಂದಿರಿ ನೀವು.

ಬೋರ್ಡಿನಲ್ಲಿ ಗೆದ್ದ ಮೇಲೆ ಅವನು, ಬಸ್ಸು ನಗರದ ಕೌನ್ಸಿಲಿನ ಕೈಯಲ್ಲಿದೆ ಎಂದ. ಕೌನ್ಸಿಲಿಗೆ ಹೋದ ಮೇಲೆ, ದುಡ್ಡು ರಾಜಧಾನಿ ವೆಲ್ಲಿಂಗ್ಟನ್ನಿನಿಂದ ಬರಬೇಕು ಎಂದ. ಪಾರ್ಲಿಮೆಂಟಿಗೆ ಹೋದ ಮೇಲೆ, ಇದು ಸ್ಥಳೀಯ ವಿಷಯ ಎಂದ. ಪ್ರತಿ ಮೆಟ್ಟಿಲಿಗೂ ಮೊದಲು ಒಂದು ಊಟ. ಹುಬ್ಬಳ್ಳಿಯಲ್ಲಿ ಬಸ್ಸಿಗಾಗಿ ರಸ್ತೆಗೆ ಅಡ್ಡ ಕೂತು ಲಾಠಿ ತಿಂದವರು ನೀವು. ಇಲ್ಲಿ ಯಾಕೆ ಬರೀ ಬಡಿಸುತ್ತ ಕೂತಿರಿ? ನನ್ನ ಸಿಟ್ಟು ಅವನೊಬ್ಬನ ಮೇಲಲ್ಲ.

ಆ ಚಳಿಗಾಲದ ಬೆಳಿಗ್ಗೆ ನಾನು ದೂರದ ಪೆನ್‌ರೋಸ್ ಬಡಾವಣೆಯ ಆಫೀಸಿನಲ್ಲಿದ್ದೆ. ನಿಮಗೆ ಹೃದಯದ ತಪಾಸಣೆ ಇತ್ತು. ನನಗೆ ತಿಳಿಸಬೇಡ ಎಂದು ಅವ್ವನಿಗೆ ಹೇಳಿ, ಆ ಏರು ಹತ್ತಿ ಬಸ್ಸಿಗೆ ಹೊರಟಿರಿ. ನಿಲ್ದಾಣ ಕಾಣುವಷ್ಟು ಹತ್ತಿರ ಬಂದಿದ್ದಿರಂತೆ. ಅಲ್ಲಿಯೇ...

ನಿಮ್ಮ ಸಾವನ್ನು ಹೆಂಡ್ರಿಕ್‌ನ ಕಚೇರಿಗೆ ಬರೆದು ತಿಳಿಸಿದೆ. ಮರುಕ್ಷಣವೇ ಮೇಲ್ ಬಂತು: ‘ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದಗಳು.’ ಆಮೇಲೆ ಇನ್ನೇನೂ ಬರಲಿಲ್ಲ.

ನಿಮಗೆ ಗೊತ್ತಿಲ್ಲದ ಸುದ್ದಿ: ಬಸ್ಸು ಬಂದಿದೆ. ನಮ್ಮ ಗೇಟಿನ ಎದುರೇ ನಿಲ್ಲುತ್ತದೆ. ಮೊದಲ ದಿನ ಹೆಂಡ್ರಿಕ್ ಫೋಟೋದವನ ಜೊತೆ ಅದರಿಂದ ಇಳಿದ. ಇಷ್ಟು ವರ್ಷ ಒಬ್ಬನೇ ಹೋರಾಡಿದೆ ಎಂದು ನೆರೆದವರಿಗೆ ಹೇಳಿದ. ಚಪ್ಪಾಳೆ ಬಿತ್ತು. ಆಮೇಲೆ ನನ್ನ ಹತ್ತಿರ ಬಂದು ಕೈಕುಲುಕಿದ. ‘ಅಂಕಲ್ ಕಾಣಿಸುತ್ತಿಲ್ಲ? ಭಾನುವಾರ ಬದನೆಕಾಯಿ ಪಲ್ಯಕ್ಕೆ ಬರುತ್ತೇನೆ ಅಂತ ಹೇಳಿ. ಮತ್ತೆ ಚುನಾವಣೆ ಬಂತು ನೋಡಿ!’ ಎಂದು ನಕ್ಕ.

ನಾನು ಬಾಯಿ ತೆರೆಯುವಷ್ಟರಲ್ಲಿ ಇನ್ನೊಬ್ಬರ ಕೈ ಹಿಡಿದಿದ್ದ. ಬಾಗಿಲು ಹಾಕಿಬಿಡೋಣ ಎಂದು ಅವ್ವನಿಗೆ ಹೇಳಿದೆ.

‘ಯಾಕೋ? ಬರ್ಲಿ. ಉಣ್ಣಾಕ ಬಂದವರ್ನ ಹೊಳ್ಳಿ ಕಳಸೂದು ನನಗ ಬರಂಗಿಲ್ಲ. ಅವರಿದ್ರ ಕಳಸ್ತಿದ್ರೇನು?’

ಜೋಳದ ಹಿಟ್ಟು ತರಿಸಿದ್ದಾಳೆ. ಬಡಿಸುವವನು ಈಗ ನಾನೇ. ಭಾನುವಾರ ಅವನು ಕಾಲು ಮಡಚಿ ನಿಮ್ಮ ಜಾಗದ ಎದುರು ಕೂರುತ್ತಾನೆ, ಎಲ್ಲಿ ಅಂಕಲ್ ಎನ್ನುತ್ತಾನೆ. ಅಪ್ಪಾ, ಅವನು ಮೊದಲ ತುತ್ತು ಮುರಿಯುವ ಮುಂಚೆ ಹೇಳಲೋ, ಹೊಟ್ಟೆ ತುಂಬ ಉಂಡ ಮೇಲೆ ಹೇಳಲೋ?