ಗುಂಡಿಯಿಂದ ದೇವರು ಎದ್ದಾಗಿದೆ, ಇನ್ನು ತಾವು ಬರಬಹುದು

ಮಾನ್ಯ ರಸ್ತೆ ದುರಸ್ತಿ ಅಧಿಕಾರಿಗಳೇ,

ಸವಳಂಗ ರಸ್ತೆಯಿಂದ ಒಳಕ್ಕೆ ತಿರುಗುವ ನಮ್ಮ ಅಡ್ಡರಸ್ತೆಗೆ ತಾವು ಕಳೆದ ತಿಂಗಳು ಡಾಂಬರು ಹಾಕಿಸಿದಿರಿ. ಡಾಂಬರು ಚೆನ್ನಾಗಿದೆ. ಎಲ್ಲೆಲ್ಲಿ ಗುಂಡಿ ಇರಲಿಲ್ಲವೋ ಅಲ್ಲೆಲ್ಲ ಹಾಕಿದ್ದೀರಿ, ಗುಂಡಿ ಇದ್ದ ಒಂದೇ ಒಂದು ಜಾಗವನ್ನು ಮಾತ್ರ ಜೋಪಾನವಾಗಿ ಉಳಿಸಿದ್ದೀರಿ. ಆ ಗುಂಡಿಯ ಬಗ್ಗೆಯೇ ಈ ಪತ್ರ. ಆದರೆ ಬರೆಯುತ್ತಿರುವುದು ನನ್ನ ಸಲುವಾಗಿ ಅಲ್ಲ. ಅಡಿಕೆ ಮಂಡಿಯಲ್ಲಿ ರೈಟರಾಗಿ ಕೂತು ಕೂತು ನನ್ನ ಸೊಂಟ ಹೇಗೂ ಹೋಗಿದೆ, ಅದನ್ನು ತಮ್ಮ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. ಬರೆಯುತ್ತಿರುವುದು ಪಕ್ಕದ ಮನೆಯ ಕರಿಬಸಮ್ಮನವರ ಮೊಮ್ಮಗಳ ಸಲುವಾಗಿ. ಅವಳು ಹುಟ್ಟಿ ಇನ್ನೂ ವಾರ ತುಂಬಿಲ್ಲ, ಆಗಲೇ ಅವಳಿಗೆ ತಮ್ಮ ಕಚೇರಿಯ ಮೇಲೆ ದೂರು ಇದೆ.

ಗುಂಡಿಯ ಜಾತಕ ತಮಗೆ ಗೊತ್ತಿರಲಿ. ನೀರಿನ ಪೈಪು ಸೋರುತ್ತದೆಂದು ಕೆಲವರು ಬಂದು ಅಗೆದರು. ಪೈಪು ಸರಿಮಾಡಿ ಮಣ್ಣು ಎಳೆದು ಹೋದರು. ಮಳೆಗಾಲ ಬಂದು ಆ ಮಣ್ಣನ್ನು ತೆಗೆದುಕೊಂಡು ಹೋಯಿತು. ಉಳಿದದ್ದು ಮೊಣಕಾಲುದ್ದದ ಹೊಂಡ, ರಸ್ತೆಯ ಮುಕ್ಕಾಲು ಅಗಲ. ನಮ್ಮದು ಮುಂದೆ ದಾರಿಯಿಲ್ಲದ ರಸ್ತೆ. ಹೊಂಡ ದಾಟದೆ ಯಾರೂ ಮನೆ ಸೇರುವಂತಿಲ್ಲ. ನೀವೇ ತುಂಬಿಕೊಳ್ಳಬಾರದೇ ಎಂದು ತಾವು ಕೇಳಬಹುದು. ತುಂಬಿದೆವು. ಇಟ್ಟಿಗೆ ಚೂರು, ಹಂಚಿನ ಚೂರು ಸುರಿದೆವು. ಒಂದೇ ಮಳೆಗೆ ಅದು ಎದ್ದು ಚರಂಡಿ ಸೇರಿತು. ಮತ್ತೆ ತುಂಬಲು ಹೊರಟಾಗ ತಮ್ಮ ಮೇಸ್ತ್ರಿ ಬಂದು, ಸಾರ್ವಜನಿಕ ರಸ್ತೆಯನ್ನು ಖಾಸಗಿಯವರು ಮುಟ್ಟುವಂತಿಲ್ಲ ಎಂದರು. ರಸ್ತೆ ನಮ್ಮದಲ್ಲ, ಬೀಳುವುದು ಮಾತ್ರ ನಮ್ಮದು ಎಂಬ ಕಾನೂನು ಆ ದಿನ ತಿಳಿಯಿತು.

ಮೊದಲು ಬಿದ್ದವರು ಕರಿಬಸಮ್ಮನವರ ಯಜಮಾನರು, ನಾಗಯ್ಯನವರು. ಭದ್ರಾವತಿಯ ಕಾರ್ಖಾನೆಯಲ್ಲಿ ಕೆಲಸ, ಬೆಳಗಿನ ಶಿಫ್ಟಿನ ಬಸ್ಸು ಹಿಡಿಯಲು ಸೈಕಲ್ಲಿನಲ್ಲಿ ಹೊರಟಿದ್ದರು. ಹೊಂಡದ ತುಂಬ ನೀರು ನಿಂತಿದ್ದರಿಂದ ಅದು ಹೊಂಡವೆಂದೇ ಕಾಣಲಿಲ್ಲ. ಮುಂಗೈ ಮುರಿಯಿತು. ಅವರನ್ನು ಆಸ್ಪತ್ರೆಗೆ ಕಳಿಸಿ ಬಂದ ಮೇಲೆ, ಇನ್ನೊಬ್ಬರು ಬೀಳುವುದು ಬೇಡವೆಂದು ನನ್ನ ಹೆಂಡತಿ ದಾಕ್ಷಾಯಣಿ ನಮ್ಮ ರುಬ್ಬುವ ಗುಂಡನ್ನು ಹೊಂಡದ ನಡುವೆ ನೆಟ್ಟಗೆ ನಿಲ್ಲಿಸಲು ಹೇಳಿದಳು. ಮನೆಗೆ ಕರೆಂಟಿನ ಗ್ರೈಂಡರು ಬಂದ ಮೇಲೆ ಒರಳೂ ಗುಂಡೂ ಹಿತ್ತಲಲ್ಲಿ ನಿರುದ್ಯೋಗಿಗಳಾಗಿ ಬಿದ್ದಿದ್ದವು. ಗುಂಡುಕಲ್ಲಿಗಾದರೂ ಒಂದು ಕೆಲಸ ಸಿಕ್ಕಿತೆಂದು ನಾನೂ ಖುಷಿಪಟ್ಟೆ.

ಮಾನ್ಯರೇ, ಕಪ್ಪು ಕಲ್ಲು, ಉರುಟು ತಲೆ, ಸುತ್ತ ನೀರು. ನಮ್ಮ ಜನಕ್ಕೆ ಇದಕ್ಕಿಂತ ಹೆಚ್ಚು ಏನು ಬೇಕು? ಹೂ ಮಾರುವ ಕಾಶಮ್ಮ ಒಂದು ಸೋಮವಾರ ಬುಟ್ಟಿ ಇಳಿಸಿ, ಗುಂಡಿನ ತಲೆಯ ಮೇಲೆ ಎರಡು ಸೇವಂತಿಗೆ ಇಟ್ಟಳು. ಮರುದಿನ ಯಾರೋ ವಿಭೂತಿ ಬಳಿದರು. ಅದರ ಮರುದಿನ ಕುಂಕುಮ. ಊದಿನಕಡ್ಡಿಯೂ ಬಂತು. ಸ್ಕೂಟರಿನವರು ಗುಂಡಿಯ ಹತ್ತಿರ ನಿಧಾನ ಮಾಡಿ ಒಂದು ಕೈಯಲ್ಲಿ ನಮಸ್ಕಾರ ಹಾಕಿ ಪಕ್ಕಕ್ಕೆ ಹೋಗತೊಡಗಿದರು. ಯಾರೂ ಬೀಳಲಿಲ್ಲ. ತಮ್ಮ ಕಚೇರಿ ವರ್ಷವಿಡೀ ಮಾಡದ ಕೆಲಸವನ್ನು ನಮ್ಮ ಇಡ್ಲಿ ಹಿಟ್ಟಿನ ಕಲ್ಲು ಸಂಬಳವಿಲ್ಲದೆ ಮಾಡಿತು.

ಅಷ್ಟರಲ್ಲಿ ತಮ್ಮ ಡಾಂಬರು ಬಂತು. ಮೇಸ್ತ್ರಿ ಗುಂಡಿಯ ಮುಂದೆ ಬಂದು ನಿಂತರು, ಚಪ್ಪಲಿ ಬಿಟ್ಟರು, ಕೈ ಮುಗಿದರು, ಆಳುಗಳಿಗೆ ಸುತ್ತುಹಾಕಿಕೊಂಡು ಮುಂದೆ ಹೋಗಲು ಹೇಳಿದರು. ದಾಕ್ಷಾಯಣಿ ಹೊರಗೆ ಓಡಿ ಬಂದಳು.

"ಅಲ್ಲ ಮಾರಾಯ್ರೆ, ಅದು ನಮ್ಮನೆ ರುಬ್ಬೋ ಗುಂಡು. ಮದುವೆಯಾಗಿ ಬಂದಾಗಿಂದ ಅದ್ರಲ್ಲೇ ರುಬ್ಬಿದೀನಿ."

"ಇರ್ಬೋದಮ್ಮ. ಈಗ ಕುಂಕುಮ ಬಿದ್ದಿದೆಯಲ್ಲ. ನಾಳೆ ಏನಾದ್ರೂ ಆದ್ರೆ ನನ್ನ ಹೆಂಡ್ತಿ ಮಕ್ಳನ್ನ ನೀವು ನೋಡ್ಕೊಳ್ತೀರಾ?"

ಹಾಗಾದರೆ ತಮ್ಮನ್ನೇ ಕೇಳೋಣವೆಂದು ಕಚೇರಿಗೆ ಬಂದೆವು. ತಾವು ಕುರ್ಚಿ ತೋರಿಸಿದಿರಿ, ಅಷ್ಟು ಒಳ್ಳೆಯತನ ತಮ್ಮಲ್ಲಿದೆ. ಆಮೇಲೆ, "ಧಾರ್ಮಿಕ ವಿಷಯ ನೋಡಿ, ಸೂಕ್ಷ್ಮ. ಭಕ್ತರು ಒಂದು ಸಮಿತಿ ಮಾಡ್ಕೊಂಡು ಒಪ್ಪಿಗೆ ತಂದ್ರೆ ಆಯ್ತು" ಎಂದಿರಿ. ಕಲ್ಲು ನಮ್ಮದೆಂದು ಹೇಳಿದ್ದಕ್ಕೆ, ಅದಕ್ಕೇನು ಪುರಾವೆ ಎಂದು ಕೇಳಿದಿರಿ. ಸ್ವಾಮಿ, ತಮ್ಮ ಮನೆಯ ಒರಳುಕಲ್ಲಿಗೆ ರಸೀದಿ ಇದೆಯೇ?

ಹೋಗಿ ಕಿತ್ತು ತನ್ನಿ ಎಂದು ಹೇಳುವುದು ಸುಲಭ. ಆ ಹೊತ್ತಿಗೆ ದಾಕ್ಷಾಯಣಿಗೇ ಮನಸ್ಸು ಅಳುಕುತ್ತಿತ್ತು. "ಯಾರು ಯಾರೋ ಕೈ ಮುಗಿದಿರೋ ಕಲ್ಲು ರೀ. ಸುಮ್ನೆ ಎತ್ತಿ ಹಿತ್ಲಿಗೆ ಹಾಕೋಕಾಗುತ್ತಾ?" ಎಂದಳು. ಕಾಶಮ್ಮನನ್ನು ಕೇಳಿದರೆ, "ಇಟ್ಟಿದ್ದು ನೀವೇ ಇರ್ಬೋದು ಯಜಮಾನ್ರೆ, ಬಂದು ಕೂತಿರೋನು ನಿಮ್ಮನ್ನ ಕೇಳಿ ಕೂತಿಲ್ಲ" ಎಂದಳು. ಕೊನೆಗೆ ಮಠದ ಅಯ್ಯನವರ ಹತ್ತಿರ ಹೋದೆವು. ಅವರು ಎಲೆಅಡಿಕೆ ಹಾಕಿಕೊಳ್ಳುತ್ತ ನಮ್ಮ ಕಥೆಯನ್ನೆಲ್ಲ ಕೇಳಿ, "ನಡುರಸ್ತೇಲಿ ಕೂರೋಕೆ ಶಿವನಿಗೇನು ಹುಚ್ಚೇ? ನೀವು ಕೂರಿಸಿದ್ರಿ, ಕೂತ. ಏಳಪ್ಪ ಅಂತ ಹೇಳಿ, ಏಳ್ತಾನೆ" ಎಂದರು. ಹಾಗೆಯೇ ಮಾಡಿದೆವು. ತೆಂಗಿನಕಾಯಿ ಒಡೆದು, ಅರಿಶಿನದ ನೀರು ಹಾಕಿ, ಗುಂಡನ್ನು ತಿರುವಿನ ಅರಳಿಕಟ್ಟೆಗೆ ಸಾಗಿಸಿದೆವು. ಕಾಶಮ್ಮನಿಗೂ ಸಮಾಧಾನವಾಯಿತು. ಕಟ್ಟೆಯ ಮೇಲೆ ಹೂವಿನ ವ್ಯಾಪಾರ ಇನ್ನೂ ಚೆನ್ನಾಗಿದೆ.

ಖುಷಿಯಿಂದ ಮತ್ತೆ ತಮ್ಮ ಬಳಿ ಓಡಿ ಬಂದೆ. ತಾವು ಹೇಳಿದ್ದನ್ನು ನಮ್ಮ ಬೀದಿಯವರು ಈಗಲೂ ಒಬ್ಬರಿಗೊಬ್ಬರು ಹೇಳಿಕೊಂಡು ನಗುತ್ತಾರೆ, ನಗು ಬಾರದಿದ್ದರೂ. "ನಿಮ್ಮ ರಸ್ತೆ ಕೆಲಸ ಪೂರ್ತಿ ಆಗಿದೆ ಅಂತ ವರದಿ ಹೋಗಿದೆ. ಆಗಿರೋ ರಸ್ತೇಲಿ ಗುಂಡಿ ಇರೋಕೆ ಸಾಧ್ಯ ಇಲ್ಲ. ಮುಂದಿನ ಟೆಂಡರ್‌ಗೆ ನೋಡೋಣ." ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಕೇಳಿದ್ದೆ. ಆ ಪೂಜಾರಿ ಕಚೇರಿಯಲ್ಲಿ ಫ್ಯಾನಿನ ಕೆಳಗೆ ಕೂತಿರುತ್ತಾನೆಂದು ಗೊತ್ತಿರಲಿಲ್ಲ. ದೇವರಿದ್ದಾಗ ಮುಟ್ಟುವಂತಿರಲಿಲ್ಲ, ದೇವರು ಹೋದ ಮೇಲೆ ಗುಂಡಿಯೇ ಇಲ್ಲ. ಈಗ ಗುರುತಿಗೆ ಕಲ್ಲೂ ಇಲ್ಲದೆ, ಇಲ್ಲದ ಗುಂಡಿಗೆ ಜನ ದಿನವೂ ಬೀಳುತ್ತಿದ್ದಾರೆ.

ಇಲ್ಲಿಯವರೆಗೆ ತಮಾಷೆ. ಇನ್ನು ಮುಂದಿನದನ್ನು ನಗುತ್ತ ಬರೆಯಲು ನನಗೆ ಆಗುತ್ತಿಲ್ಲ.

ಕರಿಬಸಮ್ಮನವರಿಗೆ ಇರುವುದು ಒಬ್ಬಳೇ ಮಗಳು, ಹೇಮಶ್ರೀ. ಕುಂಸಿಗೆ ಕೊಟ್ಟಿದ್ದಾರೆ. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಆಕೆ ಬರುವ ಮೊದಲೇ ತಾಯಿ ಒಳಕೋಣೆಗೆ ಸುಣ್ಣ ಹೊಡೆಸಿದ್ದರು, ಹಂಡೆ ತೊಳೆದಿಟ್ಟಿದ್ದರು, ಬಾಣಂತಿ ಖಾರಕ್ಕೆ ಸಾಮಾನು ತಂದು ಒಣಗಿಸಿದ್ದರು. ನೋವು ಯಾವ ಗಳಿಗೆಯಲ್ಲಾದರೂ ಬರಬಹುದೆಂದು ಡಾಕ್ಟರು ಹೇಳಿದಾಗ ನಾಗಯ್ಯನವರು ಬ್ಯಾಂಡೇಜಿನ ಕೈಯಲ್ಲೇ ಹೋಗಿ ಆಟೋದವರನ್ನು ಕೇಳಿಕೊಂಡು ಬಂದರು. ಒಬ್ಬನೂ ಒಳಗೆ ಬರಲು ಒಪ್ಪಲಿಲ್ಲ. "ಕೇಳಿದಷ್ಟು ದುಡ್ಡು ಕೊಟ್ರೂ ಬ್ಯಾಡ ಯಜಮಾನ್ರೆ. ತುಂಬಿದ ಬಸುರೀನ ಆ ಗುಂಡಿಗೆ ಇಳಿಸೋ ಧೈರ್ಯ ನಂಗಿಲ್ಲ" ಎಂದ ಒಬ್ಬ. ಅವನ ಮೇಲೆ ನನಗೆ ಸಿಟ್ಟಿಲ್ಲ, ಮರ್ಯಾದಸ್ತ.

ಹೀಗಾಗಿ ನೋವು ಬರುವ ಮೊದಲೇ ಹೇಮಶ್ರೀಯನ್ನು ಊರೊಳಗಿನ ಕೋಟೆ ಬಡಾವಣೆಯಲ್ಲಿರುವ ಸೋದರತ್ತೆಯ ಮನೆಗೆ ಕಳಿಸಿದರು. ಅಲ್ಲಿನ ರಸ್ತೆಯಲ್ಲಿ ಆಟೋ ಬಾಗಿಲಿಗೇ ಬರುತ್ತದೆ. ಹೆರಿಗೆ ಸುಸೂತ್ರವಾಯಿತು, ಹೆಣ್ಣುಮಗು. ಈಗ ಕರಿಬಸಮ್ಮನವರು ದಿನಾ ಬೆಳಿಗ್ಗೆ ಗಂಡನಿಗೆ ಅಡುಗೆ ಮಾಡಿಟ್ಟು, ಸಿಟಿ ಬಸ್ಸಿನಲ್ಲಿ ಕೋಟೆಗೆ ಹೋಗಿ, ಬೇರೆಯವರ ಬಚ್ಚಲಲ್ಲಿ ಮಗಳಿಗೂ ಮೊಮ್ಮಗಳಿಗೂ ನೀರು ಹಾಕಿ ಬರುತ್ತಾರೆ. ನಿನ್ನೆ ಸಂಜೆ ನಮ್ಮ ಜಗಲಿಯಲ್ಲಿ ಕೂತು, "ಮೊದಲನೇ ಬಾಣಂತನ ನನ್ನ ಮನೇಲಿ ಮಾಡೋ ಭಾಗ್ಯ ನಂಗಿರಲಿಲ್ಲ ಬಿಡಿ" ಎಂದರು. ಇದು ಅವರ ಹಣೆಬರಹವೆಂದು ಅವರು ನಂಬಿದ್ದಾರೆ. ಅಲ್ಲಮ್ಮ, ಹಣೆಬರಹವಲ್ಲ, ಇದಕ್ಕೊಂದು ಕಚೇರಿ ಇದೆ, ಒಬ್ಬ ಅಧಿಕಾರಿ ಇದ್ದಾರೆ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಗಂಡನಿಗೆ ಊಟಕ್ಕಿಡಬೇಕೆಂದು ಎದ್ದು ಹೋದರು. ಅದಕ್ಕೇ ತಮಗೆ ಬರೆಯುತ್ತಿದ್ದೇನೆ.

ಬರುವ ವಾರ ತೊಟ್ಟಿಲು ಹಾಕುತ್ತಾರೆ. ಅದು ಕೋಟೆಯಲ್ಲಿ ಆಗಕೂಡದು, ಅಜ್ಜಿಯ ಮನೆಯಲ್ಲೇ ಆಗಬೇಕೆಂದು ಇಡೀ ಬೀದಿ ತೀರ್ಮಾನಿಸಿದೆ. ತಾವು ಕೇಳಿದ ಸಮಿತಿ ಇದೇ ಎಂದು ತಿಳಿಯಿರಿ. ನಮಗೆ ಹೊಸ ರಸ್ತೆ ಬೇಡ, ಮುಂದಿನ ಟೆಂಡರೂ ಬೇಡ. ತೊಟ್ಟಿಲಿನ ದಿನದೊಳಗೆ ಆ ಒಂದು ಗುಂಡಿಯನ್ನು ಜಲ್ಲಿ ಹಾಕಿ, ಗಟ್ಟಿಯಾಗಿ ತುಂಬಿಸಿ ಕೊಡಿ. ಕೆಲಸ ಸರಿಯಾಗಿದೆಯೋ ಇಲ್ಲವೋ ನೋಡಲು ತಮ್ಮ ಇಂಜಿನಿಯರು ಬರುವುದೂ ಬೇಡ, ಪರೀಕ್ಷೆ ನಾವೇ ಮಾಡುತ್ತೇವೆ. ಕೋಟೆಯಿಂದ ಮಗು ಆಟೋದಲ್ಲಿ ಬರುತ್ತದೆ. ಬರುವಾಗ ತಾಯಿಯ ಮಡಿಲಲ್ಲಿ ನಿದ್ದೆ ಹೋಗಿದ್ದರೆ, ಮನೆಯ ಬಾಗಿಲು ಬರುವವರೆಗೆ ಅದಕ್ಕೆ ಎಚ್ಚರವಾಗಬಾರದು.

ಇಂತಿ,
ವರದಿಯ ಪ್ರಕಾರ ಗುಂಡಿಯೇ ಇಲ್ಲದ ರಸ್ತೆಯಲ್ಲಿ ವಾಸವಾಗಿರುವ
ಷಡಕ್ಷರಪ್ಪ
ಶಿವಮೊಗ್ಗ