ಕೊಂಡ ಪಿಗಿಲಿ

ನಾಯ್ನಾ,

ಮೊನ್ನೆ ನಂಗಲಿಯಲ್ಲಿ ಬಸ್ಸಿಳಿದು ನಿನ್ನ ಕಾಡಿಗೆ ಹೋಗಿದ್ದೆ. ನೀನು ತೀರಿಕೊಂಡ ಮೇಲೆ ಆ ಕಡೆ ತಲೆ ಹಾಕಿರಲಿಲ್ಲ. ಯಾವ ಮುಖ ಹೊತ್ತು ಹೋಗಲಿ, ಹೇಳು?

ನೀನು ಫಾರೆಸ್ಟ್ ಗಾರ್ಡ್ ಆಗಿದ್ದಾಗ ಸಂಜೆ ಬಂದು, ಟೋಪಿ ಗೂಟಕ್ಕೆ ಹಾಕಿ, ಕಾಡಲ್ಲಿ ಕಂಡದ್ದನ್ನೆಲ್ಲ ಬರೆದಿಡುವ ಡೈರಿ ನನ್ನ ಮುಂದಿಡುತ್ತಿದ್ದೆ. ನೀನು ಓದಿದ್ದು ಗಡಿಯಾಚೆಯ ತೆಲುಗು ಸ್ಕೂಲಿನಲ್ಲಿ, ಕನ್ನಡ ಬರೆಯಲು ಬರುತ್ತಿರಲಿಲ್ಲ. "ನೀನೇ ಬರಿಯಮ್ಮ, ನಿನ್ ಅಕ್ಷರ ಮುದ್ದಾಗೈತೆ" ಅನ್ನುತ್ತಿದ್ದೆ. ಏಳನೇ ಕ್ಲಾಸಿನ ನಿನ್ನ ಮಗಳಿಗೆ ಎಷ್ಟು ಜಂಬ! ಬಂಡೆಗಳ ಸಂದಿಯಲ್ಲಷ್ಟೇ ಇರುವ ಆ ಹಳದಿ ಕತ್ತಿನ ಹಕ್ಕಿ ಕಂಡ ದಿನ ನೀನು "ಕೊಂಡ ಪಿಗಿಲಿ, ಎರಡು" ಅಂದೆ. ನಾನು ಹಾಗೇ ಬರೆದೆ. ಕೊಂಡ ಅಂದರೆ ತೆಲುಗಿನಲ್ಲಿ ಬೆಟ್ಟ ಅಂತ ನಮ್ಮೂರಲ್ಲಿ ಯಾರಿಗೆ ಗೊತ್ತಿಲ್ಲ?

ದೂರದ ಜಿಲ್ಲೆಯಿಂದ ಬಂದ ಹೊಸ ಸಾಹೇಬರಿಗೆ ಗೊತ್ತಿರಲಿಲ್ಲ. ನಮ್ಮ ಜಗಲಿಯ ಮೇಲೇ ಡೈರಿ ಬಿಚ್ಚಿ, "ಯಾರ ಹತ್ರ ಕೊಂಡೆ? ಯಾರಿಗೆ ಮಾರ್ದೆ?" ಎಂದರು. ನೀನು ಗಾಬರಿಬಿದ್ದು, ಕನ್ನಡದ ಪದ ಬಾಯಿಗೆ ಬಾರದೆ, "ಕೊಂಡ ಸಾರ್, ಕೊಂಡ" ಅನ್ನುತ್ತಾ ಬೆಟ್ಟದ ಕಡೆ ಕೈ ತೋರಿಸಿದೆ. "ಕೊಂಡಿದ್ದು ಅಂತ ಇವನೇ ಒಪ್ಕೋತಾನಲ್ರೀ" ಎಂದರು ಅವರು, ಜೊತೆಗೆ ಬಂದಿದ್ದವರಿಗೆ. ಬಾಗಿಲ ಹಿಂದೆ ನಿಂತಿದ್ದ ನಾನು 'ಬೆಟ್ಟ' ಅಂತ ಒಂದೇ ಒಂದು ಮಾತು ಹೇಳಿದ್ದರೆ... ಬರೆದವಳು ನಾನು ಅಂತ ಗೊತ್ತಾದೀತೆಂದು ಹೆದರಿ ಬಾಯಿ ಮುಚ್ಚಿಕೊಂಡೆ. ಮಗಳ ಕೈಲಿ ಬರೆಸಿದೆ ಅಂತ ನೀನೂ ಹೇಳಲಿಲ್ಲ.

ನಿನ್ನನ್ನು ಸೌದೆ ಡಿಪೋದ ಗೇಟು ಕಾಯಲು ಹಾಕಿದರು. "ಅಲ್ಲಿ ಹಕ್ಕಿ ಐತಾ ನಾಯ್ನಾ?" ಅಂತ ಕೇಳಿದ್ದಕ್ಕೆ "ಕಾಗೆ ಐತಮ್ಮ" ಅಂದಿದ್ದೆ. ಕಾಡು ಮತ್ತೆ ನೋಡದೆಯೇ ನೀನು ತೀರಿಕೊಂಡೆ. ನನ್ನನ್ನು ಒಂದು ದಿನವೂ ಯಾಕೆ ಬೈಯಲಿಲ್ಲ?

ಮೊನ್ನೆ ಈಗಿನ ಗಾರ್ಡ್ ನನ್ನನ್ನು ಬಂಡೆಗಳ ಹತ್ತಿರ ಕರೆದೊಯ್ದ. ಹಕ್ಕಿ ಇದ್ದವು ನಾಯ್ನಾ, ಕಾರೆ ಗಿಡದ ಮೇಲೆ. "ಇನ್ನೆಲ್ಲೂ ಸುಲಭಕ್ಕೆ ಕಾಣ್ಸಲ್ಲ ಮೇಡಂ. ಹಿಂದೊಬ್ಬ ಗಾರ್ಡು ಇವನ್ನ ಮಾರ್ಕೊಂತಿದ್ನಂತೆ" ಎಂದ.

"ಮಾರಲಿಲ್ಲ ಕಣಪ್ಪ. ಅವ್ರು ನಮ್ ನಾಯ್ನ. 'ಕೊಂಡ ಪಿಗಿಲಿ' ಅಂತ ಡೈರೀಲಿ ಬರೆದೋಳು ನಾನು. ಸಾಹೇಬ್ರು ಕೊಂಡ್ಕೊಂಡಿದ್ದು ಅಂತ ಓದಿದ್ರು" ಎಂದೆ. ಅವನ ಮನೆಮಾತೂ ತೆಲುಗು. ತಟ್ಟನೆ ನಕ್ಕ, ಆಮೇಲೆ ನನ್ನ ಮುಖ ನೋಡಿ, ಜೇಬಿನಿಂದ ತನ್ನ ಡೈರಿ ತೆಗೆದು ನನಗೇ ಕೊಟ್ಟ.

ಹದಿಮೂರು ವರ್ಷ ತಡವಾಗಿ ಬರೆದೆ ನಾಯ್ನಾ: "ಬೆಟ್ಟದ ಪಿಗಿಲಿ, ಎರಡು." ಕೆಳಗೆ ನಿನ್ನ ಹೆಸರು ಬರೆದೆ. ಅಕ್ಷರ ಮಾತ್ರ ಮುದ್ದಾಗಿ ಬರಲಿಲ್ಲ.

ನಿನ್ನ ಮಗಳು