ನಿನ್ನ ಲೆನ್ಸು, ನನ್ನ ಕ್ಯಾಮೆರಾ

ಅಪ್ಪ,

ಸಾರಿ. ನೀನು ತೀರಿಹೋದ ಮೇಲೆ ಹೀಗೆ ಬರೆಯುವುದು ಹುಚ್ಚು ಅಂತ ಗೊತ್ತು. ಆದರೆ ಇದನ್ನು ಬೇರೆ ಯಾರನ್ನೂ ಕೇಳುವ ಹಾಗಿಲ್ಲ.

ಕಾಲೇಜಿನ ಮೊದಲ ಅಸೈನ್‌ಮೆಂಟಿಗೆ ಮನೆಯವರೊಬ್ಬರ ಫೋಟೋ ಬೇಕಿತ್ತು. ನಿನ್ನ ಹಳೆಯ ಲೆನ್ಸನ್ನು ಅಡಾಪ್ಟರ್ ಹಾಕಿ ನನ್ನ ಡಿಜಿಟಲ್ ಕ್ಯಾಮೆರಾಗೆ ಕೂರಿಸಿದೆ. ಅದು ಮೊದಲು ‘ಲೆನ್ಸ್ ಇಲ್ಲ’ ಎಂದು ಹಟ ಹಿಡಿಯಿತು. ಸೆಟ್ಟಿಂಗ್ ಬದಲಿಸಿ ಒಪ್ಪಿಸಿದೆ. ಅಮ್ಮ ಕಿಟಕಿಯ ಪಕ್ಕ ಕೂತಳು. ಆಟೋಫೋಕಸ್ಸಿನಲ್ಲೇ ಬೆಳೆದ ಕೈ ನನ್ನದು. ಲೆನ್ಸಿನ ಫೋಕಸ್ ರಿಂಗನ್ನು ಎಷ್ಟು ತಿರುಗಿಸಿದರೂ ಅವಳ ಕಣ್ಣು ಸಿಕ್ಕಿತು ಅನ್ನುವಷ್ಟರಲ್ಲಿ ಮಸುಕಾಗುತ್ತಿತ್ತು.

“ಕತ್ತು ನೋಯ್ತಿದೆ ಕಣೇ” ಎಂದಳು. ಆಮೇಲೆ ಲೆನ್ಸನ್ನೇ ನೋಡುತ್ತಾ ನಕ್ಕಳು. “ಅಯ್ಯೋ, ಸಾಕು ಬಿಡ್ರೀ! ನಾನೇನು ಕಲ್ಲಿನ ಗೊಂಬೆನಾ? ಬೇಗ ತೆಗೀರಿ.”

ನನಗೆ ಯಾವತ್ತೂ ‘ರೀ’ ಅಂದವಳಲ್ಲ, ಅದು ನಿನ್ನದು. ತಾನಂದದ್ದು ಅವಳಿಗೂ ಕೇಳಿಸಿತು. ನಗು ಹಾಗೇ ನಿಂತುಬಿಟ್ಟಿತು. ಶಾಲೆಯ ಹಾಸ್ಟೆಲಿನಿಂದ ರಜೆಗೆ ಬಂದಾಗಲೆಲ್ಲ ನೀವಿಬ್ಬರೂ ನನ್ನೆದುರು ಎಷ್ಟು ಗಂಭೀರವಾಗಿರುತ್ತಿದ್ದಿರಿ, ಇಂಥ ಮಾತು ನಾನು ಕೇಳಿಯೇ ಇರಲಿಲ್ಲ.

ಇನ್ನೂ ಕ್ಲಿಕ್ ಮಾಡಿಲ್ಲ. ನೀರು ಕುಡಿದು ಬರುತ್ತೇನೆಂದು ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಅಮ್ಮ ಕುರ್ಚಿಯಿಂದ ಎದ್ದಿಲ್ಲ. ಅವಳು ಹಾಗಂದಾಗ ನೀನು ಏನನ್ನುತ್ತಿದ್ದೆ? ಬೇಗ ಹೇಳು, ಪ್ಲೀಸ್.